ಆದೇಶ ಪತ್ರ ನನ್ನ ಹೆಸರಿನಲ್ಲಿ, ಶಾಪು ನಡೆಯುವುದು ಅವರ ಮಾತಿನಲ್ಲಿ

ಪ್ರಶ್ನೆ (ಹೆಸರು ಬೇಡ ಎಂದಿದ್ದಾರೆ, ತುಮಕೂರು):

ನಮಸ್ಕಾರ ಸರ್. ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗ ಕಾರ್ಖಾನೆಯಲ್ಲಿದ್ದೇನೆ. ಡಿಪ್ಲೊಮಾ ಮುಗಿಸಿ ಸೇರಿ ಆರು ವರ್ಷವಾಯಿತು. ಯುಗಾದಿಯ ಹೊತ್ತಿಗೆ, ತಗಡು ಒತ್ತಿ ಬಿಡಿಭಾಗ ಮಾಡುವ ಪ್ರೆಸ್ ಶಾಪಿನ ಶಿಫ್ಟ್ ಇನ್‌ಚಾರ್ಜ್ ಮಾಡಿದರು. ನನ್ನ ಕೈಕೆಳಗೆ 31 ಜನ, ಅವರಲ್ಲಿ 22 ಮಂದಿ ಗುತ್ತಿಗೆಯವರು. ಆದರೆ ಶಾಪು ನಡೆಯುವುದು 19 ವರ್ಷದಿಂದ ಇರುವ ಡೈ ಸೆಟ್ಟರ್ (ಪ್ರೆಸ್ಸಿಗೆ ಡೈ, ಅಂದರೆ ಅಚ್ಚು, ಕೂರಿಸುವವರು) ಒಬ್ಬರ ಮಾತಿನ ಮೇಲೆ. ಯಾವ ಡೈ ಮೊದಲು ಹಾಕಬೇಕೆಂದು ನಾನು ಹೇಳಿದರೆ ಹುಡುಗರು ಅವರ ಮುಖ ನೋಡುತ್ತಾರೆ. 40 ನಿಮಿಷದಲ್ಲಿ ಆಗುವ ಡೈ ಬದಲಾವಣೆ, ಅವರು ರಜೆ ಹಾಕಿದ ದಿನ ಎರಡೂವರೆ ಗಂಟೆ ಹಿಡಿಯುತ್ತದೆ. ಕಳೆದ ತಿಂಗಳು ತಾಳ್ಮೆ ಕೆಟ್ಟು ಎಲ್ಲರೆದುರು ಅವರ ಮೇಲೆ ಜೋರು ಮಾಡಿದೆ. ಒಬ್ಬರೂ ಎದುರಾಡಲಿಲ್ಲ. ಅಂದಿನಿಂದ ಉತ್ಪಾದನೆ ಮಾತ್ರ ಇಳಿಯುತ್ತಿದೆ. ಯಾರದೂ ತಪ್ಪೆಂದು ತೋರಿಸಲಾಗದು, ಎಲ್ಲರೂ ನಿಧಾನ. ಮೇಲಿನವರು, ‘ಮೊದಲು ಅವನನ್ನು ಅಣ್ಣ ಎನ್ನುವುದನ್ನು ಬಿಡಿ, ಹೆಸರು ಹಿಡಿದು ಕರೆಯಿರಿ’ ಎಂದರು. ಹಾಗೇ ಮಾಡಿದೆ, ಇನ್ನೂ ಹದಗೆಟ್ಟಿತು. ನಾನು ಹೆಣ್ಣು ಎಂದು ಹೀಗೋ, ಚಿಕ್ಕವಳು ಎಂದೋ?

ಉತ್ತರ (ಸಿಬ್ಬಂದಿ ವಿಭಾಗದಲ್ಲಿ 30 ವರ್ಷ ದುಡಿದು ನಿವೃತ್ತರಾದವರು):

ಎರಡೂ ಇರಬಹುದು ಮೇಡಂ. ಆದರೆ ನಿಮ್ಮ ಕುರ್ಚಿಯಲ್ಲಿ ಐವತ್ತು ದಾಟಿದ ಗಂಡಸು ಕೂತಿದ್ದರೂ ಆ ಎರಡೂವರೆ ಗಂಟೆಯಲ್ಲಿ ಒಂದು ನಿಮಿಷವೂ ಕಡಿಮೆಯಾಗುತ್ತಿರಲಿಲ್ಲ. ಅಲ್ಲಿಂದ ಹಿಡಿಯೋಣ.

ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಎಮರ್ಸನ್ 1962ರಲ್ಲಿ ಹೇಳಿದ ಒಂದು ಮಾತು ನನಗೆ ನೌಕರಿಯುದ್ದಕ್ಕೂ ಉಪಯೋಗಕ್ಕೆ ಬಂತು: ನಾನು ನಿಮ್ಮನ್ನು ಎಷ್ಟು ನೆಚ್ಚಿಕೊಂಡಿದ್ದೇನೋ, ನನ್ನ ಮೇಲೆ ನಿಮ್ಮ ಅಧಿಕಾರ ಅಷ್ಟು. ಅದೇ ಕಾಲದಲ್ಲಿ ಮಿಶೆಲ್ ಕ್ರೋಜಿಯೆ ಎಂಬವರು ಫ್ರಾನ್ಸಿನ ಸರ್ಕಾರಿ ತಂಬಾಕು ಕಾರ್ಖಾನೆಗಳನ್ನು ನೋಡಿದರು. ಅಲ್ಲಿ ಪ್ರತಿಯೊಂದಕ್ಕೂ ನಿಯಮವಿತ್ತು, ಯಂತ್ರ ಕೆಡುವುದಕ್ಕೆ ಮಾತ್ರ ನಿಯಮವಿರಲಿಲ್ಲ. ಕೆಟ್ಟದ್ದನ್ನು ಸರಿಮಾಡಬಲ್ಲವರು ದುರಸ್ತಿ ಕೆಲಸಗಾರರಷ್ಟೇ. ಪಟ್ಟಿಯಲ್ಲಿ ಅವರು ಮೇಲಧಿಕಾರಿಗಳಲ್ಲ, ಆದರೂ ಶಾಪಿನಲ್ಲಿ ಅವರ ಮಾತೇ ನಡೆಯುತ್ತಿತ್ತು. ಯಂತ್ರದ ನಕ್ಷೆಗಳೂ ದುರಸ್ತಿ ಸೂಚನೆಗಳೂ ಅಲ್ಲಿಂದ ಮಾಯವಾಗಿದ್ದವು, ಎಲ್ಲ ಅವರ ತಲೆಯಲ್ಲಿ. ಯಾವ ಡೈ ಹೇಗೆ ಕೂರಿಸಬೇಕೆಂದು ಬರೆದುಕೊಂಡ ಒಂದು ಪುಟ್ಟ ಡೈರಿ ನಿಮ್ಮ ಸೆಟ್ಟರ್ ಜೇಬಿನಲ್ಲಿ ಇದೆಯೇ, ನೋಡಿ ಹೇಳಿ. ಇನ್ನೊಂದು ಪ್ರಶ್ನೆ: ಓಟಿ (ಹೆಚ್ಚುವರಿ ಹೊತ್ತಿನ ದುಡಿಮೆ) ಪಟ್ಟಿ ಬರೆಯುವವರು ಯಾರು? ಗುತ್ತಿಗೆ ಹುಡುಗ ನಾಳೆ ಬರಬೇಕೋ ಬೇಡವೋ ಎನ್ನುವವರು ಯಾರು?

ಪ್ರಶ್ನೆ ಕೇಳಿದವರು:

ಡೈರಿ ಇದೆ ಸರ್! ನಿಮಗೆ ಹೇಗೆ ಗೊತ್ತಾಯಿತು? ಓಟಿ ಪಟ್ಟಿ ಅವರೇ ಬರೆದು ತರುತ್ತಾರೆ, ನಾನು ಸಹಿ ಹಾಕುತ್ತೇನೆ. ಗುತ್ತಿಗೆಯವರದ್ದು ಕಂಟ್ರಾಕ್ಟರ್ ಕಡೆಯ ಮೇಸ್ತ್ರಿಯ ಕೈಯಲ್ಲಿದೆ.

ಉತ್ತರ:

ಸೆಟ್ಟರ್ ಜೇಬಿನಲ್ಲಿ ಡೈರಿ ಇಲ್ಲದ ಪ್ರೆಸ್ ಶಾಪನ್ನು ನಾನು ಇನ್ನೂ ಕಂಡಿಲ್ಲ.

ಈಗ ಲೆಕ್ಕ ಹಾಕಿ. ಫ್ರೆಂಚ್ ಮತ್ತು ರೇವನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1959ರಲ್ಲಿ ಅಧಿಕಾರದ ಬೇರುಗಳನ್ನು ಐದು ಎಂದು ಎಣಿಸಿದರು: ಹುದ್ದೆ, ಕೊಡುವ ಶಕ್ತಿ, ಶಿಕ್ಷಿಸುವ ಶಕ್ತಿ, ತಿಳಿವಳಿಕೆ, ಜನರ ಅಭಿಮಾನ. ಶಿಕ್ಷೆ ಮೇಸ್ತ್ರಿಯ ಬಳಿ. ತಿಳಿವಳಿಕೆ, ಅಭಿಮಾನ ಎರಡೂ ಸೆಟ್ಟರ್ ಬಳಿ. ಕೊಡುವ ಶಕ್ತಿಯನ್ನು ನೀವೇ ಸಹಿ ಹಾಕಿ ಅವರಿಗೆ ಒಪ್ಪಿಸಿದ್ದೀರಿ. ಓಟಿಗೆ ಕಾನೂನು ಪ್ರಕಾರ ದುಪ್ಪಟ್ಟು ಕೂಲಿ. ಬಾಡಿಗೆ ಕೋಣೆಯಲ್ಲಿರುವ ಹುಡುಗನಿಗೆ ಊರಿಗೆ ಕಳಿಸುವ ಹಣ ಅದೇ. ಪಟ್ಟಿ ಬರೆಯುವವರ ಮುಖವನ್ನು ಅವನು ನೋಡದೆ ನಿಮ್ಮ ಮುಖ ನೋಡಿಯಾನೇ? ನಿಮ್ಮ ಬಳಿ ಉಳಿದದ್ದು ಹುದ್ದೆ ಒಂದೇ. ಜೋರು ಮಾಡಿದ ದಿನ ಅದನ್ನೂ ಖರ್ಚು ಮಾಡಿದಿರಿ.

ನಿಧಾನವಾದದ್ದಕ್ಕೆ ಬೇಸರಪಡಬೇಡಿ. ಷಿಕಾಗೋ ಹತ್ತಿರದ ಹಾಥಾರ್ನ್ ಕಾರ್ಖಾನೆಯ ಒಂದು ಕೋಣೆಯಲ್ಲಿ 1931-32ರಲ್ಲಿ 14 ಕೆಲಸಗಾರರನ್ನು ಗಮನಿಸಿದಾಗಲೂ ಹೀಗೇ ಕಂಡಿತ್ತು. ದಿನಕ್ಕೆ ಎಷ್ಟು ಕೆಲಸ ಎಂಬುದನ್ನು ಗುಂಪೇ ತೀರ್ಮಾನಿಸುತ್ತಿತ್ತು. ಮೀರಿ ದುಡಿದವನ ತೋಳಿಗೆ ಜೊತೆಯವರೇ ಒಂದು ಗುದ್ದು ಕೊಡುತ್ತಿದ್ದರು.

ಓಟಿ ಪಟ್ಟಿ ಮೊದಲು ನಿಮ್ಮ ಕೈಗೆ ಬರಲಿ. ಕಸಿದುಕೊಂಡಂತೆ ಕಾಣಬಾರದು. ಸರದಿ ಪ್ರಕಾರ ಬರೆದು ಬೋರ್ಡಿಗೆ ಹಾಕಿ, ಮೊದಲ ವಾರ ಅವರಿಗೆ ತೋರಿಸಿಯೇ ಹಾಕಿ. ಅದು ನೆಲೆಯಾದ ಮೇಲೆ ಡೈರಿ. ಪ್ರತಿ ಡೈಗೂ ಒಂದು ಸೆಟ್ಟಿಂಗ್ ಹಾಳೆ ಅವರಿಂದಲೇ ಬರೆಸಿ, ಕೆಳಗೆ ಅವರ ಹೆಸರು ಇರಲಿ. ಹಾಂ, ಆಯುಧಪೂಜೆಯ ದಿನ ಪ್ರೆಸ್ಸಿನ ಮುಂದೆ ಬೂದುಗುಂಬಳ ಒಡೆಯಲು ಹುಡುಗರು ಯಾರ ಕೈಗೆ ಕೊಡುತ್ತಾರೆ, ಗಮನಿಸಿ. ಗೋಡೆಯ ಮೇಲಿನ ಹುದ್ದೆಗಳ ಪಟ್ಟಿಗಿಂತ ನಾನು ಅದನ್ನೇ ಹೆಚ್ಚು ನಂಬಿದ್ದೆ.

ಇನ್ನೊಬ್ಬ ಸದಸ್ಯರು (ವೇಮಗಲ್, ಕೋಲಾರ):

ಸರ್, ನಾನೂ ಸೆಟ್ಟರ್. ಮೇಡಂ ಕಷ್ಟ ಅರ್ಥವಾಗುತ್ತದೆ. ಆದರೆ ಡೈರಿ ಬರೆದುಕೊಟ್ಟ ಮೇಲೆ ನನ್ನ ಅರ್ಧ ಸಂಬಳಕ್ಕೆ ಒಬ್ಬ ಹುಡುಗ ಬರುತ್ತಾನೆ. ಆಗ ನನ್ನನ್ನು ಯಾರು ಕೇಳುತ್ತಾರೆ? 14 ವರ್ಷದಲ್ಲಿ ಕಂಪನಿ ನನಗೆ ಏನನ್ನೂ ಕಲಿಸಲಿಲ್ಲ. ಬೆರಳು ಜಜ್ಜಿಕೊಂಡು ಕಲಿತದ್ದು.

ಉತ್ತರ:

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಿರಿ, ನಾನು ಅದನ್ನು ದಾಟಿ ಹೋಗಿದ್ದೆ. ಹಿಂದೆ ನಾನಿದ್ದ ಒಂದು ಕಡೆ, ಹೀಗೇ ಒಬ್ಬ ಹಿರಿಯರಿಂದ ಎಲ್ಲವನ್ನೂ ಬರೆಸಿಕೊಂಡೆವು. ನಾನೇ ಮುಂದೆ ನಿಂತು ಬರೆಸಿದೆ, ಶಾಲು ಹೊದಿಸಿದೆವು. ಮೂರನೆಯ ತಿಂಗಳು ಅವರನ್ನು ದೂರದ ಘಟಕಕ್ಕೆ ಹಾಕಿದರು. ಆಮೇಲೆ ಆ ಕಾರ್ಖಾನೆಯಲ್ಲಿ ಯಾವ ಹಿರಿಯ ಕೆಲಸಗಾರನೂ ಒಂದು ಸಾಲು ಬರೆದುಕೊಡಲಿಲ್ಲ. ಬರೆದುಕೊಡಿ ಎಂದು ಕೇಳುವ ಮುಖವೂ ನನಗಿರಲಿಲ್ಲ.

ಆದ್ದರಿಂದ ಮೇಡಂ, ನನ್ನ ಸಲಹೆಯನ್ನು ತಿದ್ದುತ್ತೇನೆ. ಹಾಳೆಗೆ ಮೊದಲು ಬೆಲೆ ಕಟ್ಟಿಸಿ: ತರಬೇತಿದಾರ ಎಂಬ ದರ್ಜೆ, ತಿಂಗಳ ಭತ್ಯೆ, ಎರಡೂ ಲಿಖಿತದಲ್ಲಿ. ಮೇಲಿನವರು ಒಪ್ಪದಿದ್ದರೆ ಡೈರಿಯ ಸುದ್ದಿಗೇ ಹೋಗಬೇಡಿ. ಇಬ್ಬರು ಹುಡುಗರನ್ನು ಅವರೇ ಆರಿಸಿಕೊಳ್ಳಲಿ, ಪ್ರತಿ ಡೈ ಬದಲಾವಣೆಯಲ್ಲೂ ಆ ಹುಡುಗರು ಪಕ್ಕದಲ್ಲಿ ನಿಂತು ಕೈ ಹಚ್ಚಲಿ. ತಡವಾಗುತ್ತದೆ, ಆದರೆ ಶಿಷ್ಯರಿದ್ದಾರೆಂಬ ಹೆಮ್ಮೆ ಅವರಿಗೆ, ರಜೆಯ ದಿನದ ಧೈರ್ಯ ನಿಮಗೆ.

ಪ್ರಶ್ನೆ ಕೇಳಿದವರು:

ಭತ್ಯೆ ಕೇಳಿ ನೋಡುತ್ತೇನೆ ಸರ್, ಸಿಗುವುದು ಅನುಮಾನ. ಒಂದು ಸಣ್ಣ ಪ್ರಶ್ನೆ. ಮತ್ತೆ ಅಣ್ಣ ಎನ್ನಲೇ? ಎಂದರೆ ಸೋತಂತೆ ಕಾಣುವುದಿಲ್ಲವೇ?

ಉತ್ತರ:

ಹತ್ತೊಂಬತ್ತು ವರ್ಷ ದುಡಿದ ಹಿರಿಯರನ್ನು ನಮ್ಮ ಕಡೆ ಬರಿಯ ಹೆಸರು ಹಿಡಿದು ಕರೆದರೆ ಅದು ಶಿಸ್ತು ಎಂದು ಯಾರಿಗೂ ಅನ್ನಿಸುವುದಿಲ್ಲ, ಅವಮಾನ ಎನ್ನಿಸುತ್ತದೆ. ಜೋರು ಮಾಡಿದ್ದು ಎಲ್ಲರೆದುರು, ಹಾಗಾಗಿ ಅಣ್ಣ ಎನ್ನುವುದೂ ಎಲ್ಲರೆದುರೇ ಆಗಲಿ. ಆದರೆ ಅದೇ ಉಸಿರಿಗೆ ಕೆಲಸವನ್ನೂ ಕಾರಣವನ್ನೂ ಹೇಳಿ: ‘ಅಣ್ಣ, ಮೊದಲು ಬ್ರಾಕೆಟ್ ಡೈ ಹಾಕಿ, ಹನ್ನೊಂದಕ್ಕೆ ಲಾರಿ ಬರುತ್ತದೆ.’ ದನಿ ತಗ್ಗಿಸಬೇಡಿ, ಏರಿಸಲೂ ಬೇಡಿ.

ಪ್ರಶ್ನೆ ಕೇಳಿದವರು:

ಸೋಮವಾರ ನನಗೆ ಬೆಳಗಿನ ಶಿಫ್ಟ್ ಸರ್. ಅಂದೇ ಹೇಳಿ ನೋಡುತ್ತೇನೆ.