ಪದಚರ್ಚೆ: ‘ಗೇಟ್‌ಕೀಪರ್’ ಎಂದರೆ ದ್ವಾರಪಾಲಕನೇ? ‘ಅಗಸಿ ಕಾಯುವವರು’ ಎಂದರೆ ಹೇಗೆ?

ಎಲ್ಲರಿಗೂ ನಮಸ್ಕಾರ.

ನಾನು ವಿಜಯಪುರದಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಎಂ.ಎ. ಓದುತ್ತಿದ್ದೇನೆ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯುತ್ತೇನೆ. ಸಂವಹನ ಸಿದ್ಧಾಂತಗಳ ಪೇಪರ್‌ಗೆ ನಾವು ಗೆಳತಿಯರು ಸೇರಿ ಕನ್ನಡದಲ್ಲಿ ನೋಟ್ಸ್ ಮಾಡಿಕೊಳ್ಳುತ್ತಿದ್ದೇವೆ. ಅದರಲ್ಲಿ ಒಂದು ಪದದ ಬಗ್ಗೆ ಒಮ್ಮತವೇ ಆಗುತ್ತಿಲ್ಲ. ಅದು ‘ಗೇಟ್‌ಕೀಪರ್’.

ಸುದ್ದಿಮನೆಗೆ ಬರುವ ರಾಶಿ ಸುದ್ದಿಯಲ್ಲಿ ಯಾವುದು ಓದುಗರಿಗೆ ಮುಟ್ಟಬೇಕು, ಯಾವುದು ಅಲ್ಲೇ ಉಳಿಯಬೇಕು ಎಂದು ತೀರ್ಮಾನಿಸುವವರಿಗೆ ಈ ಹೆಸರು. ಕನ್ನಡ ನೋಟ್ಸ್‌ಗಳಲ್ಲಿ ನಮಗೆ ಸಿಕ್ಕಿದ್ದು ‘ದ್ವಾರಪಾಲಕ’ ಮತ್ತು ‘ಕಾವಲುಗಾರ’. ಒಬ್ಬ ಗೆಳತಿ ‘ಸೋಸುವವರು’ ಅಂದಳು. ನಾನು ‘ಅಗಸಿ ಕಾಯುವವರು’ ಎಂದು ಬರೆಯುತ್ತಿದ್ದೇನೆ. ನಮ್ಮ ಕಡೆ ಅಗಸಿ ಎಂದರೆ ಊರಬಾಗಿಲು. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ತಿಳಿದವರು ತಿದ್ದಬೇಕು.

ಮೊದಲು ಪದದ ಹುಟ್ಟು. ಇದು ಪತ್ರಿಕೆಯಿಂದ ಬಂದದ್ದಲ್ಲ, ಅಡುಗೆಮನೆಯಿಂದ ಬಂದದ್ದು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಒಳ್ಳೆಯ ಮಾಂಸ ಸೈನ್ಯಕ್ಕೆ ಹೋಗುತ್ತಿತ್ತು. ಜನ ಗುಂಡಿಗೆ, ಮೂತ್ರಪಿಂಡದಂಥ ಭಾಗಗಳನ್ನೂ ತಿನ್ನುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಇದರ ಅಧ್ಯಯನ ಮಾಡಿದರು. ಊಟದ ತಟ್ಟೆಗೆ ಏನು ಬರಬೇಕು ಎಂಬುದನ್ನು ಉಣ್ಣುವವರು ತೀರ್ಮಾನಿಸುವುದಿಲ್ಲ ಎಂಬುದು ಅವರಿಗೆ ಕಂಡಿತು. ಆಹಾರ ಅಂಗಡಿಯಿಂದಲೋ ಹಿತ್ತಲಿನಿಂದಲೋ ಒಂದು ಹಾದಿ ಹಿಡಿದು ಬರುತ್ತದೆ. ಆ ಹಾದಿಯಲ್ಲಿ ಅಲ್ಲಲ್ಲಿ ಗೇಟುಗಳಿವೆ. ಹೆಚ್ಚಿನ ಗೇಟುಗಳಲ್ಲಿ ನಿಂತವಳು ಮನೆಯ ಗೃಹಿಣಿ. ಸುದ್ದಿ ಹರಿಯುವುದಕ್ಕೂ ಈ ಮಾತು ಒಪ್ಪುತ್ತದೆ ಎಂದು ಲೆವಿನ್ ಅವರೇ ಸೂಚಿಸಿದ್ದರು.

ಅದನ್ನು ಪತ್ರಿಕೆಗೆ ಹಚ್ಚಿ ನೋಡಿದವರು ಡೇವಿಡ್ ಮ್ಯಾನಿಂಗ್ ವೈಟ್. ಅವರ ಲೇಖನ ಬಂದದ್ದು 1950ರಲ್ಲಿ. ಸುಮಾರು 30 ಸಾವಿರ ಪ್ರಸಾರವಿದ್ದ ಒಂದು ಪತ್ರಿಕೆಯಲ್ಲಿ ಏಜೆನ್ಸಿ (ಪತ್ರಿಕೆಗಳಿಗೆ ಸುದ್ದಿ ಕಳಿಸುವ ಸಂಸ್ಥೆ) ಸುದ್ದಿ ಆಯುವ ಸಂಪಾದಕರೊಬ್ಬರನ್ನು ಅವರು ಒಪ್ಪಿಸಿದರು. ಒಂದು ವಾರದಲ್ಲಿ ಪತ್ರಿಕೆಗೆ ಹಾಕದೆ ಉಳಿಸಿದ ಸುದ್ದಿಗಳನ್ನೆಲ್ಲ ಎತ್ತಿಡಬೇಕು, ಪ್ರತಿಯೊಂದರ ಮೇಲೆ ಹಾಕದ ಕಾರಣ ಬರೆಯಬೇಕು. ಆ ಸಂಪಾದಕರಿಗೆ ಲೇಖನದಲ್ಲಿ ಇಟ್ಟ ಹೆಸರು ಮಿಸ್ಟರ್ ಗೇಟ್ಸ್. ಬಂದದ್ದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೊರಗೇ ಉಳಿದಿತ್ತು. ಕಾರಣಗಳಲ್ಲಿ ‘ಜಾಗವಿಲ್ಲ’ ಇತ್ತು, ‘ಸ್ವಾರಸ್ಯವಿಲ್ಲ’ ಇತ್ತು, ‘ಬರೀ ಪ್ರಚಾರ’ ಎಂಬುದೂ ಇತ್ತು. ಆ ಒಬ್ಬ ಮನುಷ್ಯನ ಇಷ್ಟ, ಅನಿಷ್ಟ, ಅನುಭವ ಎಲ್ಲವೂ ಆ ಆಯ್ಕೆಯಲ್ಲಿ ಕೂಡಿತ್ತು ಎಂದು ವೈಟ್ ತೋರಿಸಿದರು.

ಹಾಗಾಗಿ ಕನ್ನಡದ ಪದದಲ್ಲಿ ತಡೆಯುವುದು, ಬಿಡುವುದು ಎರಡೂ ಕಾಣಬೇಕು. ತೀರ್ಮಾನ ಮಾಡುವ ಮನುಷ್ಯನೂ ಕಾಣಬೇಕು.

‘ದ್ವಾರಪಾಲಕ’ ಅಂದ ಕೂಡಲೇ ನಮ್ಮ ಕಡೆಯವರ ಕಣ್ಣೆದುರು ಬರುವುದು ಪಟ್ಟದಕಲ್ಲು. ಗುಡಿ ಬಾಗಿಲ ಎಡಬಲಕ್ಕೆ ಗದೆ ಹಿಡಿದು ನಿಂತ ಮೂರ್ತಿಗಳು. ಅವರು ನಿಂತಿರುವುದು ದೇವರ ಘನತೆ ಸಾರಲು. ಇವರನ್ನು ಬಿಡು, ಅವರನ್ನು ತಡೆ ಎಂಬ ಆಯ್ಕೆ ಅಲ್ಲಿಲ್ಲ. ಪುರಾಣದ ಜಯ ವಿಜಯರು ಸನಕಾದಿಗಳನ್ನು ತಡೆದರಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಆ ಕಥೆಯಲ್ಲಿ ತಡೆದದ್ದೇ ತಪ್ಪಾಯಿತು, ಅದಕ್ಕೇ ಶಾಪ ಬಂತು. ಸುದ್ದಿಮನೆಯಲ್ಲಿ ತಡೆಯುವುದೇ ದಿನದ ಕೆಲಸ.

‘ಕಾವಲುಗಾರ’ ಪದದ ತೊಂದರೆ ಬೇರೆ. ಮಾಧ್ಯಮವನ್ನು ಪ್ರಜಾಪ್ರಭುತ್ವದ ಕಾವಲುನಾಯಿ ಎನ್ನುವುದು ರೂಢಿ. ಅದು ‘ವಾಚ್‌ಡಾಗ್’. ಅಧಿಕಾರದಲ್ಲಿ ಇರುವವರ ಮೇಲೆ ಕಣ್ಣಿಡುವ ಕೆಲಸ. ಗೇಟ್‌ಕೀಪಿಂಗ್ ಅದಲ್ಲವೇ ಅಲ್ಲ. ಇಲ್ಲಿ ಪತ್ರಿಕೆ ಕಣ್ಣಿಟ್ಟಿರುವುದು ಸುದ್ದಿಯ ಮೇಲೆ. ಎರಡಕ್ಕೂ ‘ಕಾವಲು’ ಬಂದರೆ ಎರಡೂ ಕಲಸಿಹೋಗುತ್ತವೆ. ನಮ್ಮ ನೋಟ್ಸಿನಲ್ಲೇ ಒಂದು ಕಡೆ ‘ಸರ್ಕಾರದ ತಪ್ಪುಗಳನ್ನು ಬಯಲಿಗೆಳೆಯುವ ಕಾವಲುಗಾರನೇ ಗೇಟ್‌ಕೀಪರ್’ ಎಂದು ಬರೆದಿತ್ತು. ಇದು ಪೂರಾ ತಿರುವುಮುರುವು. ಸರ್ಕಾರದ ತಪ್ಪಿನ ಸುದ್ದಿಯನ್ನು ಹೊರಬಿಡದೆ ಹಿಡಿದಿಡುವವರೂ ಗೇಟ್‌ಕೀಪರೇ ಅಲ್ವಾ? ಪದ ಸರಿ ಇಲ್ಲದಿದ್ದರೆ ಓದುವವರಿಗೆ ವಿಷಯವೇ ತಪ್ಪಾಗಿ ಹೋಗುತ್ತದೆ. ಹಾಗಾಗಿ ಇದನ್ನು ಸುಮ್ನೆ ಬಿಡಲು ನನಗೆ ಮನಸ್ಸಿಲ್ಲ.

‘ಸೋಸುವವರು’ ಚೆಂದದ ಪದ. ನಮ್ಮಲ್ಲಿ ‘ಹಸನು ಮಾಡುವುದು’ ಎಂಬ ಮಾತೂ ಇದೆ. ಜೋಳ ಗಿರಣಿಗೆ ಹೋಗುವ ಮುಂಚೆ ಮೊರಕ್ಕೆ ಹಾಕಿ ಹಳ್ಳು, ಕಸ ಆರಿಸಿ ಹಸನು ಮಾಡುತ್ತಾರೆ. ಲೆವಿನ್ ಅಡುಗೆಮನೆಯಿಂದಲೇ ಶುರು ಮಾಡಿದ್ದರಿಂದ ಈ ಪದ ಒಪ್ಪುತ್ತದೆ ಎಂದು ಗೆಳತಿಯ ವಾದ. ನನಗೆ ಒಪ್ಪಿಗೆಯಾಗದ್ದು ಒಂದೇ. ಸೋಸಿದಾಗ, ಹಸನು ಮಾಡಿದಾಗ ಹೊರಗೆ ಹೋಗುವುದು ಕಸ. ಪತ್ರಿಕೆಯಲ್ಲಿ ಹೊರಗೆ ಉಳಿದದ್ದೆಲ್ಲ ಕಸ ಅಲ್ಲ.

ಇಂಟರ್ನ್‌ಶಿಪ್‌ಗೆ ನಾನು ಒಂದು ಪತ್ರಿಕೆಯ ಡೆಸ್ಕಿನಲ್ಲಿ, ಅಂದರೆ ಬಂದ ಸುದ್ದಿಯನ್ನು ಆಯ್ದು ತಿದ್ದಿ ಪುಟಕ್ಕೆ ಹಾಕುವ ವಿಭಾಗದಲ್ಲಿ, ಕೂತಿದ್ದೆ. ಮಧ್ಯಾಹ್ನದಿಂದಲೇ ಇಂಡಿ, ಸಿಂದಗಿ, ತಾಳಿಕೋಟೆಯಿಂದ ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಬರುತ್ತಿದ್ದವು. ಒಂದು ಹಳ್ಳಿಯ ಶಾಲೆಯ ಚಾವಣಿ ಸೋರುತ್ತದೆ, ಮಕ್ಕಳು ವರಾಂಡದಲ್ಲಿ ಕೂತು ಕಲಿಯುತ್ತಾರೆ ಎಂಬ ವರದಿ. ಫೋಟೋ ಚೆನ್ನಾಗಿತ್ತು, ಪಾಲಕರ ಮಾತೂ ಇತ್ತು. ನಾನೇ ತಿದ್ದಿ ಕೊಟ್ಟೆ, ಪುಟದಲ್ಲಿ ಕೂತಿತ್ತು. ಸಂಜೆ ಏಳರ ನಂತರ ಅರ್ಧ ಪುಟದ ಜಾಹೀರಾತು ಬಂತು. ಸುದ್ದಿ ತೆಗೆದರು. ‘ನಾಳೆ ನೋಡೋಣ ತಂಗಿ’ ಅಂದರು. ಮರುದಿನ ಅದಕ್ಕಿಂತ ಹೊಸ ಸುದ್ದಿ ಇದ್ದವು. ಆ ವರದಿಯನ್ನು ‘ಸೋಸಿ ತೆಗೆದರು’ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಅದು ಹಳ್ಳಲ್ಲ, ಜೋಳವೇ ಆಗಿತ್ತು.

ಇನ್ನು ‘ಅಗಸಿ’. ಉತ್ತರ ಕರ್ನಾಟಕದವರಿಗೆ ಹೇಳಬೇಕಿಲ್ಲ. ಊರೊಳಗೆ ಹೋಗುವ ದೊಡ್ಡ ಬಾಗಿಲು, ಕೋಟೆ ಗೋಡೆಯ ಬಾಗಿಲು. ವಿಜಯಪುರದಲ್ಲಿ ಶಹಾಪುರ ಅಗಸಿ, ಮನಗೂಳಿ ಅಗಸಿ ಎಂದು ಆಟೋದವರಿಗೆ ಹೇಳಿದರೆ ಸಾಕು, ಬೇರೆ ವಿಳಾಸ ಬೇಡ. ಹಳ್ಳಿಗಳಲ್ಲಿ ಅಗಸಿ ಕಟ್ಟೆಯ ಮೇಲೆ ಹಿರಿಯರು ಕೂತಿರುತ್ತಾರೆ. ಹೊಸಬರು ಬಂದರೆ ‘ಯಾವೂರ್ರೀ? ಯಾರ ಮನಿಗೆ ಬಂದೀರಿ?’ ಎಂದು ಕೇಳದೆ ಬಿಡುವುದಿಲ್ಲ. ಡೆಸ್ಕಿನಲ್ಲಿ ಕೂತವರು ಸುದ್ದಿಗೆ ಕೇಳುವುದೂ ಇದನ್ನೇ. ಎಲ್ಲಿಂದ ಬಂತು, ಯಾರು ಹೇಳಿದರು, ಯಾರಿಗೆ ಬೇಕು? ಅಗಸಿಯಲ್ಲಿ ತಿರುಗಿ ಕಳಿಸಿದವನೂ ಒಳಗೆ ಬಿಟ್ಟವನಂಥ ಮನುಷ್ಯನೇ. ಅವನನ್ನು ಕಳಿಸಿದ್ದು ಸರಿಯೇ ಎಂದು ಆಮೇಲೆ ಕೇಳಬಹುದು. ಈ ಪ್ರಶ್ನೆಗೆ ಜಾಗ ಉಳಿಸುವುದರಿಂದಲೇ ನನಗೆ ಈ ಪದ ಬೇಕು.

ಒಂದೇ ಅಗಸಿ ಇರುವುದಿಲ್ಲ ಎಂಬುದೂ ಇದರಲ್ಲಿ ಬರುತ್ತದೆ. ತಾಲ್ಲೂಕು ವರದಿಗಾರರು ಯಾವುದನ್ನು ಬರೆಯಬೇಕು ಎಂದು ತೀರ್ಮಾನಿಸುವುದು ಒಂದು ಅಗಸಿ, ಜಿಲ್ಲಾ ಡೆಸ್ಕ್ ಇನ್ನೊಂದು, ಮುಖಪುಟ ಮತ್ತೊಂದು. ಪುಸ್ತಕ ಪ್ರಕಟಣೆಗೂ ಇದು ಹೊಂದುತ್ತದೆ. ನಮ್ಮೂರಿನ ಫ. ಗು. ಹಳಕಟ್ಟಿಯವರು ವಚನಗಳನ್ನು ಕಲೆಹಾಕಿ ಅಚ್ಚಿಗೆ ಕಳಿಸಿದಾಗ ಮಂಗಳೂರಿನ ಮುದ್ರಣಾಲಯವೊಂದು ಹಸ್ತಪ್ರತಿಯನ್ನು ವಾಪಸ್ ಕಳಿಸಿತು ಎಂದು ಅವರ ಜೀವನಚರಿತ್ರೆ ಹೇಳುವವರು ನೆನೆಯುತ್ತಾರೆ. ‘ವಚನಶಾಸ್ತ್ರಸಾರ’ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಆಮೇಲೆ ಅವರು 1925ರಲ್ಲಿ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಲ್ಲಿ ‘ಶಿವಾನುಭವ’, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ ತಂದರು. ಬೇರೆಯವರ ಅಗಸಿ ತೆರೆಯದಿದ್ದಾಗ ತಮ್ಮದೇ ಅಗಸಿ ಕಟ್ಟಿದರು ಎಂದು ನಾನು ಉತ್ತರದಲ್ಲಿ ಉದಾಹರಣೆ ಕೊಟ್ಟರೆ ವಿಜಯಪುರದ ಯಾವ ವಿದ್ಯಾರ್ಥಿಗೂ ತಟ್ಟನೆ ಅರ್ಥವಾಗುತ್ತದೆ.

ಹೊಸ ಕಾಲದ ಪದಕ್ಕೂ ದಾರಿ ಇದೆ. ಆಕ್ಸೆಲ್ ಬ್ರುನ್ಸ್ ಎಂಬ ವಿದ್ವಾಂಸರು ‘ಗೇಟ್‌ವಾಚಿಂಗ್’ ಎನ್ನುತ್ತಾರೆ. ಬೇರೆಯವರ ಗೇಟಿನಿಂದ ಏನು ಹೊರಬಂತು ಎಂದು ನೋಡಿ, ಅದನ್ನು ಆಯ್ದು ಮುಂದೆ ಹಂಚುವುದು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಾವು ದಿನಾ ಮಾಡುವುದು ಇದನ್ನೇ. ಇದನ್ನು ‘ಅಗಸಿ ನೋಡುವುದು’ ಎನ್ನಬಹುದು. ‘ಸೋಸು’ ಇಟ್ಟುಕೊಂಡರೆ ಇಲ್ಲಿ ಪದ ಸಿಗುವುದಿಲ್ಲ.

ಈಗ ನನ್ನ ಪ್ರಶ್ನೆಗಳು. ಮೈಸೂರು, ಮಂಗಳೂರು, ಶಿವಮೊಗ್ಗ ಕಡೆಯವರಿಗೆ ‘ಅಗಸಿ’ ಎಂದರೆ ಏನು ಹೊಳೆಯುತ್ತದೆ? ನಮ್ಮಲ್ಲೂ ರೊಟ್ಟಿ ಜೊತೆ ತಿನ್ನುವ ಹಿಂಡಿಯ ಕಾಳಿಗೆ ಅಗಸಿ ಎಂದೇ ಹೆಸರು. ಆದರೆ ಮಾತಿನ ಸಂದರ್ಭದಲ್ಲಿ ಗೊಂದಲ ಆಗುವುದಿಲ್ಲ. ನಿಮ್ಮ ಊರಿನಲ್ಲಿ ಊರಬಾಗಿಲಿಗೆ ‘ಹೆಬ್ಬಾಗಿಲು’ ಬಿಟ್ಟು ಬೇರೆ ಪದ ಇದ್ದರೆ ದಯವಿಟ್ಟು ತಿಳಿಸಿ.

ಎರಡನೆಯದು, ಕ್ರಿಯೆಗೆ ಏನನ್ನೋಣ? ‘ಅಗಸಿ ಕಾಯುವಿಕೆ’ ಬಾಯಿಗೆ ಹತ್ತುವುದಿಲ್ಲ. ‘ಅಗಸಿಗಾವಲು’ ಕೇಳಲು ಚೆನ್ನಾಗಿದೆ, ವ್ಯಾಕರಣಕ್ಕೂ ಸರಿ. ಆದರೆ ಮತ್ತೆ ‘ಕಾವಲು’ ಬಂದು ಕಾವಲುನಾಯಿ ಜೊತೆ ಗೊಂದಲವಾಗಬಹುದೇ? ಮುಂದೆ ‘ಅಗಸಿ’ ಇರುವುದರಿಂದ ಆಗಲಿಕ್ಕಿಲ್ಲ ಎಂದು ನನಗೆ ಅನಿಸುತ್ತದೆ.

ಕೊನೆಯದು, ‘ದ್ವಾರಪಾಲಕ’, ‘ಕಾವಲುಗಾರ’ ಎರಡೂ ಗಂಡಸಿನ ಪದಗಳು. ಲೆವಿನ್ ಗುರುತಿಸಿದ ಮೊದಲ ಗೇಟ್‌ಕೀಪರ್‌ಗಳು ಹೆಂಗಸರು. ನಾನು ಕೂತಿದ್ದ ಡೆಸ್ಕಿನಲ್ಲೂ ಜಿಲ್ಲಾ ಪುಟ ನೋಡುತ್ತಿದ್ದವರು ಒಬ್ಬ ಅಕ್ಕ. ಹಾಗಾಗಿ ‘ಕಾಯುವವನು’ ಬೇಡ, ‘ಕಾಯುವವರು’ ಇರಲಿ ಎಂದಿದ್ದೇನೆ. ‘ಅಗಸಿಯವರು’ ಎಂದು ಇನ್ನೂ ಚಿಕ್ಕದಾಗಿಸಿದರೆ ಅರ್ಥ ನಿಲ್ಲುತ್ತದೆಯೇ? ಡೆಸ್ಕಿನಲ್ಲಿ ಕೆಲಸ ಮಾಡಿದವರು ಇದ್ದರೆ ನಿಮ್ಮ ಅಭಿಪ್ರಾಯ ಮೊದಲು ಬೇಕು.