ಗಿಟ್ ಸ್ಟೇಟಸ್ ಓದುವ ಟೂಲ್: ಕನ್ನಡ ಫೈಲ್ ಹೆಸರು ಅಂಕಿಗಳಾಗಿ ಬರುತ್ತಿವೆ, ಔಟ್‌ಪುಟ್ ಆಯ್ಕೆಗಳನ್ನು ಹೇಗಿಡಬೇಕು?

ದುರ್ಗದ_ಕೀಬೋರ್ಡ್ (ಚಿತ್ರದುರ್ಗ):

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಗೆಳೆಯರು ಸೇರಿ ಜಿಲ್ಲೆಯ ಶಾಸನಗಳ ಪಾಠವನ್ನು ಟೈಪ್ ಮಾಡಿ ಗಿಟ್‌ನಲ್ಲಿ (ಫೈಲುಗಳ ಬದಲಾವಣೆ ದಾಖಲಿಸಿಡುವ ಸಾಫ್ಟ್‌ವೇರ್) ಇಡುತ್ತಿದ್ದೇವೆ. ಒಂದು ಶಾಸನಕ್ಕೆ ಒಂದು ಫೈಲ್. ಹೆಸರು ಕನ್ನಡದಲ್ಲೇ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಚಂದ್ರವಳ್ಳಿ. ಟೈಪ್ ಮಾಡುವವರಿಗೆ ಟರ್ಮಿನಲ್ ಅಭ್ಯಾಸ ಕಡಿಮೆ. ಅದಕ್ಕೆ ಪೈಥಾನ್‌ನಲ್ಲಿ ಚಿಕ್ಕ ಟೂಲ್ ಬರೆದೆ. ಅದು ಒಳಗೆ 'ಗಿಟ್ ಸ್ಟೇಟಸ್ -ಎಸ್' ಓಡಿಸಿ, ಸಾಲು ಒಡೆದು, ಯಾವುದು ಹೊಸದು, ಯಾವುದು ಬದಲಾಗಿದೆ ಅಂತ ಕನ್ನಡದಲ್ಲಿ ತೋರಿಸುತ್ತದೆ.

ತೊಂದರೆ ಮೂರು. ಬ್ರಹ್ಮಗಿರಿ ಅಂತ ಬರಬೇಕಾದಲ್ಲಿ "\340\262\254\340\263\215... ಅಂತ ಶುರುವಾಗುವ ಉದ್ದನೆಯ ಸಾಲು ಬರುತ್ತದೆ. ಒಬ್ಬ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಮಾತ್ರ ಪ್ರತಿ ಸಾಲಿನ ಮೊದಲಿಗೆ ಚೌಕ ಬ್ರಾಕೆಟ್ಟು, 31 ಅಂತೆಲ್ಲ ಕಸ ಸೇರಿ ಟೂಲ್ ಕೈ ಎತ್ತಿಬಿಡುತ್ತದೆ. ಮೂರನೆಯದು ಜಾಗ ಬದಲಾದ ಫೈಲುಗಳದ್ದು. ಹಳೆಯ ಸಂಪುಟದಲ್ಲಿ ದಾವಣಗೆರೆ, ಜಗಳೂರು ತಾಲ್ಲೂಕಿನ ಶಾಸನಗಳು ಚಿತ್ರದುರ್ಗದ ಕೆಳಗೇ ಇವೆ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆಯಿತಲ್ಲ, ಅದಕ್ಕೆ ಅವನ್ನು ಬೇರೆ ಫೋಲ್ಡರಿಗೆ ಸಾಗಿಸಿದೆವು. ಆ ಸಾಲುಗಳಲ್ಲಿ ಬಾಣದ ಗುರುತು ಬಂದು ಎರಡು ಹೆಸರೂ ಅಂಟಿಕೊಳ್ಳುತ್ತವೆ.

ಇದರ ಮೇಲೆ ಪ್ರೆಸ್ಸಿನ ಗೆಳೆಯರೊಬ್ಬರು ಇದೇ ಪಟ್ಟಿ ಎಕ್ಸೆಲ್‌ಗೆ ಬೇಕು ಅನ್ನುತ್ತಿದ್ದಾರೆ. ಜೇಸನ್ (ಪ್ರೋಗ್ರಾಮುಗಳು ಓದುವ ಪಠ್ಯ ರೂಪ) ಕೊಡಲಾ, ಸಿಎಸ್‌ವಿ (ಕಾಮಾ ಹಾಕಿ ಬರೆದ ಕೋಷ್ಟಕ) ಕೊಡಲಾ? ಡಿಫಾಲ್ಟ್ ಯಾವುದು?

---

ಹತ್ತಿಮಿಲ್ (ದಾವಣಗೆರೆ):

ಒಳ್ಳೆ ಕೆಲಸ ಹಿಡಿದಿದ್ದೀರಿ. ನಿಮ್ಮ ಮೂರೂ ತೊಂದರೆಗೆ ಬೇರು ಒಂದೇ. '-ಎಸ್' ಇರುವುದು ಕಣ್ಣಿಗೆ, ನೀವು ಅದನ್ನು ಪ್ರೋಗ್ರಾಮಿಗೆ ತಿನ್ನಿಸುತ್ತಿದ್ದೀರಿ. ಅದು ಬಳಸುವವರ ಬಣ್ಣದ ಸೆಟ್ಟಿಂಗ್ ಕೇಳುತ್ತದೆ. ನಿಂತ ಫೋಲ್ಡರ್ ನೋಡಿ ಪಾತ್ ಕೂಡ ಬದಲಿಸುತ್ತದೆ. ಆ 31 ಅನ್ನುವ ಕಸ ಬಣ್ಣದ ಕೋಡು; ನಿಮ್ಮ ಗೆಳೆಯರು ಕಲರ್.ಯುಐ ಅನ್ನುವ ಬಣ್ಣದ ಸೆಟ್ಟಿಂಗನ್ನು 'ಆಲ್ವೇಸ್' ಮಾಡಿಕೊಂಡಿರಬೇಕು, ನೋಡಿ. 'ಆಟೋ' ಇದ್ದರೆ ಪೈಪಿಗೆ (ಔಟ್‌ಪುಟ್ ಇನ್ನೊಂದು ಪ್ರೋಗ್ರಾಮಿಗೆ ಹೋಗುವಾಗ) ಬಣ್ಣ ಹೋಗುವುದಿಲ್ಲ.

ಅಂಕಿಗಳ ವಿಷಯ: ಗಿಟ್‌ನಲ್ಲಿ ಕೋರ್.ಕೋಟ್‌ಪಾತ್ ಅಂತ ಒಂದು ಸೆಟ್ಟಿಂಗ್ ಇದೆ, ಸುಮ್ನೆ ಬಿಟ್ಟರೆ ಆನ್ ಇರುತ್ತದೆ. ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿಗಳ ಸಂಕೇತ ಪಟ್ಟಿ) ಅಲ್ಲದ ಪ್ರತಿ ಬೈಟನ್ನೂ ಅದು ಆಕ್ಟಲ್ (ಎಂಟರ ಎಣಿಕೆಯ) ಅಂಕಿ ಮಾಡಿ ಬರೆಯುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟಿಗೆ (ಒಂದೊಂದು ಗುರುತಿಗೆ ಯೂನಿಕೋಡ್ ಕೊಟ್ಟ ಸಂಖ್ಯೆ) 3 ಬೈಟ್. 'ಬ್ರ' ಅನ್ನುವುದರಲ್ಲಿ ಮೂರು ಕೋಡ್‌ಪಾಯಿಂಟ್, ಅಂದರೆ 9 ಬೈಟ್, ಬೈಟಿಗೆ ನಾಲ್ಕರಂತೆ ಪರದೆ ಮೇಲೆ 36 ಅಕ್ಷರ! ಆಫ್ ಮಾಡಿದರೆ ಕನ್ನಡ ಕಾಣುತ್ತದೆ. ಆದರೆ ಟೂಲ್ ಅದನ್ನು ನಂಬಿ ಕೂರಬಾರದು. ಎಲ್ಲರ ಲ್ಯಾಪ್‌ಟಾಪಿಗೂ ಹೋಗಿ ಸೆಟ್ಟಿಂಗ್ ಬದಲಿಸುತ್ತೀರಾ?

ಇದನ್ನು ಹಾಕಿ: 'ಗಿಟ್ ಸ್ಟೇಟಸ್ --ಪೋರ್ಸಲಿನ್=ವಿ2 -ಝಡ್'. 'ಪೋರ್ಸಲಿನ್' ಅಂದರೆ ಪ್ರೋಗ್ರಾಮಿಗೆಂದೇ ಇರುವ ಔಟ್‌ಪುಟ್, 'ವಿ2' ಅದರ ಎರಡನೇ ಆವೃತ್ತಿ. 'ಝಡ್' ಹಾಕಿದಾಗ ಒಂದೊಂದು ನಮೂದೂ ಹೊಸಸಾಲಿನ ಬದಲು ನಲ್ ಬೈಟ್‌ನಿಂದ ಮುಗಿಯುತ್ತದೆ, ಹೆಸರುಗಳು ಇದ್ದ ಹಾಗೇ ಬರುತ್ತವೆ. ಫೈಲ್ ಹೆಸರಿನಲ್ಲಿ ನಲ್ ಇರಲು ಸಾಧ್ಯವೇ ಇಲ್ಲ, ಹಾಗಾಗಿ ಗೊಂದಲವಿಲ್ಲ. ಪೈಥಾನ್‌ನಲ್ಲಿ ಬೈಟ್ ಆಗಿಯೇ ಓದಿ, ನಲ್ ಸಿಕ್ಕಲ್ಲಿ ಒಡೆದು, ಆಮೇಲೆ ಡೀಕೋಡ್ ಮಾಡಿ.

ಒಡೆಯುವಾಗ ಜಾಗ್ರತೆ. '1' ಅಂತ ಶುರುವಾಗುವ ನಮೂದಿನಲ್ಲಿ ಹೆಸರಿಗೆ ಮುಂಚೆ 8 ಕಾಲಂ ಇರುತ್ತವೆ. ಸ್ಪೇಸ್ ಮೇಲೆ 8 ಸಲ ಮಾತ್ರ ಒಡೆಯಿರಿ. ಸಿಕ್ಕಸಿಕ್ಕಲ್ಲಿ ಒಡೆದರೆ ಜಟಿಂಗ ಒಂದು ಕಡೆ, ರಾಮೇಶ್ವರ ಇನ್ನೊಂದು ಕಡೆ. '2' ಅಂದರೆ ಹೆಸರು ಅಥವಾ ಜಾಗ ಬದಲಾದದ್ದು (ಕಾಪಿ ಆದದ್ದೂ ಇದರಲ್ಲೇ), ಅಲ್ಲಿ 9 ಸಲ. ಅದರ ಹಿಂದೆಯೇ ಇನ್ನೊಂದು ನಲ್ ತುಂಡು ಬರುತ್ತದೆ, ಅದು ಹಳೆಯ ಹೆಸರು. ಹೊಸದು ಮೊದಲು, ಹಳೆಯದು ಆಮೇಲೆ. ಹಳೆಯ ವಿ1ನಲ್ಲಿ ಬಾಣದ ಜೊತೆ ಬಂದಾಗ ಒಂದು ಕ್ರಮ, 'ಝಡ್' ಹಾಕಿದಾಗ ತಿರುವುಮುರುವು. ಅದಕ್ಕೇ ನಾನು ವಿ2 ಅಂದದ್ದು. ಮರ್ಜ್ ಜಗಳದ (ಇಬ್ಬರ ಬದಲಾವಣೆ ಡಿಕ್ಕಿಯಾದಾಗಿನ) ನಮೂದು 'ಯು', ಅಲ್ಲಿ 10 ಸಲ. ಗಿಟ್‌ಗೆ ಗೊತ್ತಿಲ್ಲದ ಹೊಸ ಫೈಲಿಗೆ ಪ್ರಶ್ನಾರ್ಥಕ ಚಿಹ್ನೆ.

---

ಕರ್ಸರ್_ಮಿಣುಕು (ಹಿರಿಯೂರು):

ಫಾರ್ಮ್ಯಾಟ್ ಪ್ರಶ್ನೆಗೆ ನನ್ನ ಸಲಹೆ: ಆಯ್ಕೆಯೇ ಬೇಡ. ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದ್ದರೆ ಕನ್ನಡ ಪಟ್ಟಿ, ಪೈಪಿಗೆ ಹೋಗುತ್ತಿದ್ದರೆ ತಾನಾಗಿಯೇ ಜೇಸನ್. ಫೈಲ್ ಪಟ್ಟಿ ಕೊಡುವ 'ಎಲ್ಎಸ್' ಕಮಾಂಡ್ ಕೂಡ ಹೀಗೇ ಅಲ್ವಾ? ಪರದೆಯಲ್ಲಿ ಕಾಲಂ, ಪೈಪಿನಲ್ಲಿ ಸಾಲಿಗೊಂದು.

---

ಹತ್ತಿಮಿಲ್ (ದಾವಣಗೆರೆ):

ಅಣ್ಣಾ, ಅದು ಬೇಡ ಅಂತ ನನ್ನ ವಾದ. 'ಎಲ್ಎಸ್' ಬದಲಿಸುವುದು ಜೋಡಣೆಯನ್ನು, ಹೆಸರುಗಳು ಅವೇ. ಇಲ್ಲಿ ಭಾಷೆಯೇ ಬದಲಾಗುತ್ತದೆ. ಯಾರೋ ಪಾಪ ಉದ್ದ ಪಟ್ಟಿಯನ್ನು ಪುಟ ಪುಟವಾಗಿ ನೋಡಲು 'ಲೆಸ್' ಕಮಾಂಡಿಗೆ ಪೈಪ್ ಮಾಡಿದರೆ ಜೇಸನ್ ಮುಖಕ್ಕೆ ಬರುತ್ತದೆ. ಬಣ್ಣ, ಸಾಲಿನ ಅಗಲ, ಇಷ್ಟನ್ನು ಟೂಲ್ ತಾನೇ ಊಹಿಸಲಿ. ಫಾರ್ಮ್ಯಾಟನ್ನು ಬಳಸುವವರೇ ಬಾಯಿಬಿಟ್ಟು ಕೇಳಲಿ.

ಗಿಟ್‌ನಂಥ ಬೇರೆ ಸಾಫ್ಟ್‌ವೇರ್‌ಗಳೂ ಕೇಳಿದರೇ ಕೊಡುವುದು. ಸಬ್‌ವರ್ಷನ್‌ನಲ್ಲಿ '--ಎಕ್ಸ್ಎಂಎಲ್'. ಮರ್ಕ್ಯುರಿಯಲ್‌ನಲ್ಲಿ '-ಟಿ ಜೇಸನ್', ಜೊತೆಗೆ ಎಚ್‌ಜಿಪ್ಲೇನ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್: ಅದಿದ್ದರೆ ಬಳಸುವವರ ಅಲಿಯಾಸ್, ಬಣ್ಣ, ಅನುವಾದ ಯಾವುದೂ ಔಟ್‌ಪುಟ್ಟಿಗೆ ಕೈ ಹಾಕುವುದಿಲ್ಲ. ನನಗೆ ತುಂಬ ಹಿಡಿಸಿದ ಏರ್ಪಾಡು ಅದು. ಗಿಟ್ ವಿ2 ತಂದದ್ದು 2016ರ 2.11ರಲ್ಲಿ. ಆಗ ವಿ1 ಮುಟ್ಟಲಿಲ್ಲ, ಹಳೆಯ ಸ್ಕ್ರಿಪ್ಟುಗಳು ಹಾಗೇ ಓಡಿದವು. ನೀವೂ ಜೇಸನ್ ಒಳಗೆ ಆವೃತ್ತಿ ಸಂಖ್ಯೆ ಈಗಲೇ ಇಡಿ. ಹೊಸ ಕೀ ಸೇರಿಸಬಹುದು, ಇದ್ದದ್ದರ ಹೆಸರು ಬದಲಿಸಬೇಡಿ. ಓದುವವರು ಗುರುತಿಲ್ಲದ ಕೀ ಬಿಟ್ಟು ಮುಂದೆ ಹೋಗಬೇಕು ಅಂತ ಸಹಾಯ ಪುಟದಲ್ಲಿ ಒಂದು ಸಾಲು ಬರೆದುಬಿಡಿ.

'3 ಫೈಲ್ ಸಿಕ್ಕಿವೆ' ಅನ್ನುವಂಥ ಮಾತೆಲ್ಲ ಸ್ಟ್ಯಾಂಡರ್ಡ್ ಎರರ್‌ಗೆ (ಸಂದೇಶಗಳಿಗೆ ಇರುವ ಬೇರೆ ದಾರಿ) ಹೋಗಲಿ. ಸ್ಟ್ಯಾಂಡರ್ಡ್ ಔಟ್‌ಪುಟ್ಟಿನಲ್ಲಿ ಡೇಟಾ ಬಿಟ್ಟು ಬೇರೇನೂ ಬೇಡ.

---

ದುರ್ಗದ_ಕೀಬೋರ್ಡ್ (ಚಿತ್ರದುರ್ಗ):

ಹತ್ತಿಮಿಲ್ ಸರ್, ವಿ2 ಹಾಕಿದೆ, ಮೂರೂ ಸರಿಹೋದವು. ಜಗಳೂರಿನ ಫೈಲುಗಳು ಎಲ್ಲಿಂದ ಎಲ್ಲಿಗೆ ಹೋದವು ಅಂತ ಸರಿಯಾಗಿ ತೋರಿಸುತ್ತಿದೆ. ಈಗ '--ಜೇಸನ್' ಸೇರಿಸಿದ್ದೇನೆ, ಆದರೆ ಅದರಲ್ಲಿ ಕನ್ನಡ ಮತ್ತೆ '\ಯು0' ಅಂತ ಶುರುವಾಗುವ ಕೋಡ್ ಆಗಿ ಬರುತ್ತಿದೆ. ಇನ್ನೊಂದು ಪ್ರಶ್ನೆ: ಸ್ಥಿತಿ ಅನ್ನುವ ಕೀ ಒಳಗೆ 'ಬದಲಾಗಿದೆ' ಅಂತ ಇಡಲಾ, ಗಿಟ್ ಕೊಡುವ ಎರಡಕ್ಷರದ ಕೋಡನ್ನೇ ಇಡಲಾ?

---

ಹತ್ತಿಮಿಲ್ (ದಾವಣಗೆರೆ):

ಕೋಡನ್ನೇ ಇಡಿ. ನಾಳೆ 'ಬದಲಾಗಿದೆ' ಬದಲು 'ತಿದ್ದಲಾಗಿದೆ' ಅಂತ ನಿಮಗೇ ಅನ್ನಿಸಬಹುದು. ಆ ತಿದ್ದುಪಡಿಗೆ ಪ್ರೆಸ್ಸಿನವರ ಸ್ಕ್ರಿಪ್ಟ್ ಯಾಕೆ ಮುರಿಯಬೇಕು? '\ಯು' ಬರುವುದು ತಪ್ಪೇನಲ್ಲ, ಓದುವ ಪ್ರೋಗ್ರಾಮಿಗೆ ಎರಡೂ ಒಂದೇ. ಕಣ್ಣಿಗೂ ಕಾಣಬೇಕು ಅಂದರೆ ಜೇಸನ್ ಬರೆಯುವಾಗ ಎನ್‌ಶ್ಯೂರ್_ಆಸ್ಕಿ ಅನ್ನು ಫಾಲ್ಸ್ ಮಾಡಿ.

ಎಕ್ಸೆಲ್ ಗೆಳೆಯರಿಗೆ ಸಿಎಸ್‌ವಿ ಬೇರೆ ಇಡಿ, ಜೇಸನ್ ಕೊಟ್ಟರೆ ಅವರು ಫೋನ್ ಮಾಡುತ್ತಾರೆ! ಫೈಲ್ ಬರೆಯುವಾಗ ಎನ್‌ಕೋಡಿಂಗ್ 'ಯುಟಿಎಫ್-8-ಸಿಗ್' ಇರಲಿ. ಅದು ಫೈಲಿನ ಮೊದಲಲ್ಲಿ 'ಇದು ಯುಟಿಎಫ್-8' ಅನ್ನುವ ಗುರುತು ಹಾಕುತ್ತದೆ. ಆ ಗುರುತು ಇಲ್ಲದಿದ್ದರೆ ಡಬಲ್ ಕ್ಲಿಕ್ ಮಾಡಿ ತೆರೆದಾಗ ಎಕ್ಸೆಲ್ ಕನ್ನಡವನ್ನು ಕಲಸುಮೇಲೋಗರ ಮಾಡುತ್ತದೆ. ಜೇಸನ್‌ಗೆ ಮಾತ್ರ ಆ ಗುರುತು ಹಾಕಬೇಡಿ. ಫೈಲನ್ನು ಸಾಮಾನ್ಯ ಯುಟಿಎಫ್-8 ಪಠ್ಯವಾಗಿ ತೆರೆದಿದ್ದರೆ ಪೈಥಾನಿನದೇ ಓದುವ ಫಂಕ್ಷನ್ ಅದನ್ನು ಕಂಡು ಎರರ್ ಕೊಡುತ್ತದೆ.

---

ಕರ್ಸರ್_ಮಿಣುಕು (ಹಿರಿಯೂರು):

ಆಟೋ ಜೇಸನ್ ವಿಷಯ ಒಪ್ಪಿದೆ, 'ಲೆಸ್' ನೆನಪಾಗಿರಲಿಲ್ಲ. ನಿಮ್ಮ ತಂಡದಲ್ಲಿ ಮ್ಯಾಕ್ ಇರುವವರು ಇದ್ದಾರಾ? 'ರಾಮೇಶ್ವರ'ದ 'ಮೇ'ಯಲ್ಲಿರುವ ದೀರ್ಘ ಏಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಕೋಡ್‌ಪಾಯಿಂಟ್ ಆಗಿಯೂ ಬರೆಯಬಹುದು, ಎರಡಾಗಿ ಒಡೆದೂ ಬರೆಯಬಹುದು. ಮ್ಯಾಕ್‌ನ ಹಳೆಯ ಎಚ್ಎಫ್ಎಸ್ ಪ್ಲಸ್ (ಡಿಸ್ಕಿನಲ್ಲಿ ಫೈಲ್ ಇಡುವ ವ್ಯವಸ್ಥೆ) ಒಡೆದೇ ಇಡುತ್ತದೆ. ನೋಡಲು ಹೆಸರು ಒಂದೇ, ಬೈಟ್ ಬೇರೆ. ಆಗ ಪಟ್ಟಿಯಲ್ಲಿ ಒಂದೇ ಫೈಲ್ ಎರಡು ಸಲ ಬರಬಹುದು. ಅಲ್ಲಿ ಗಿಟ್‌ನ ಕೋರ್.ಪ್ರಿಕಂಪೋಸ್‌ಯೂನಿಕೋಡ್ (ಒಡೆದದ್ದನ್ನು ಮತ್ತೆ ಜೋಡಿಸುವ ಸೆಟ್ಟಿಂಗ್) 'ಟ್ರೂ' ಇದೆಯಾ ನೋಡಿ.

---

ದುರ್ಗದ_ಕೀಬೋರ್ಡ್ (ಚಿತ್ರದುರ್ಗ):

ಒಬ್ಬರ ಹತ್ತಿರ ಹಳೆಯ ಮ್ಯಾಕ್ ಇದೆ. ಭಾನುವಾರ ಟೈಪಿಂಗಿಗೆ ಬರುತ್ತಾರೆ, ಅವತ್ತೇ ನೋಡಿ ಇಲ್ಲಿ ಬರೆಯುತ್ತೇನೆ. ಸದ್ಯಕ್ಕೆ ಡಿಫಾಲ್ಟ್ ಕನ್ನಡ ಪಟ್ಟಿ, ಕೇಳಿದರೆ '--ಜೇಸನ್' ಇಲ್ಲವೇ '--ಸಿಎಸ್‌ವಿ', ಎರಡೂ ಒಟ್ಟಿಗೆ ಕೊಟ್ಟರೆ ಎರರ್. ಇಷ್ಟಕ್ಕೆ ನಿಲ್ಲಿಸಿದ್ದೇನೆ.