ವಂಶಾವಳಿ ಸಾಮಗ್ರಿ ನೆಟ್ಟಿಗೆ ಹಾಕೋದು: ಯಾರ ಒಪ್ಪಿಗೆ ಬೇಕು?

ವರದಾತೀರ, ಹಾವೇರಿ
ಮನೆತನದ ವಂಶಾವಳಿಗೆ ಒಂದು ವೆಬ್‌ಸೈಟ್ ಮಾಡಾಕತ್ತೀವ್ರಿ. ಕೈಯಾಗ ಇರೋದು: ಹೆಳವರ (ಮನೆತನಗಳ ವಂಶಾವಳಿ ಬರೆದಿಟ್ಟು ಹೇಳೋರು) ಪುಸ್ತಕದ ಹಾಳೆಗಳ ಫೋಟೋ, ಅವರು ವಂಶಾವಳಿ ಹೇಳಿದ ವಿಡಿಯೋ, 1958ರಾಗ ತೀರಿಕೊಂಡ ಮುತ್ಯಾ ಬರೆದ ಪತ್ರ, ಹುಬ್ಬಳ್ಳಿ ಸ್ಟುಡಿಯೋದಾಗ ತೆಗೆಸಿದ ಗ್ರೂಪ್ ಫೋಟೋ, 1982ರ ಸ್ಮರಣ ಸಂಚಿಕೆಯ ಒಂದು ಲೇಖನ (ಬರೆದವರು 1991ರಾಗ ತೀರಿಕೊಂಡಾರ). ಯಾವುದನ್ನ ಹಂಗ ಹಾಕಬಹುದು?

ದಫ್ತರ, ಧಾರವಾಡ
ಹೆಸರು, ಹುಟ್ಟಿದ-ತೀರಿಕೊಂಡ ತಾರೀಖು, ಯಾರಿಗೆ ಯಾರು ಮಕ್ಕಳು, ಜಮೀನಿನ ಉತಾರದಲ್ಲಿ (ಪಹಣಿಯಲ್ಲಿ) ಯಾರ ಹೆಸರಿದೆ ಅನ್ನುವುದಕ್ಕೆಲ್ಲ ಕಾಪಿರೈಟ್ ಇಲ್ಲ. ಎಲ್ಲಿಂದ ಸಿಕ್ಕರೂ ನಿಮ್ಮದೇ ನಕ್ಷೆಯಲ್ಲಿ ಬರೆದು ಹಾಕ್ರಿ. ಹಕ್ಕು ಇರುವುದು ಬರವಣಿಗೆಗೆ, ಚಿತ್ರಕ್ಕೆ, ಹೇಳಿದ ದನಿಗೆ.

ಲೇಖನ: 1957ರ ಕಾಪಿರೈಟ್ ಕಾಯ್ದೆಯ ಕಲಂ 22ರಂತೆ ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಲೆಕ್ಕ. ಅಂದರೆ 2051ರ ಡಿಸೆಂಬರ್ 31ರವರೆಗೆ ಹಕ್ಕು ಅವರ ವಾರಸುದಾರರದು. ಲೇಖಕರು ಹಕ್ಕನ್ನು ಬರೆದುಕೊಟ್ಟಿರದಿದ್ದರೆ ಸಂಚಿಕೆ ಅಚ್ಚು ಹಾಕಿಸಿದ ಸಮಾಜದ ಒಪ್ಪಿಗೆ ಸಾಲದು. ಸ್ಕ್ಯಾನ್ ಬಿಡ್ರಿ, ಮಾಹಿತಿ ತಗೊಂಡು ನಿಮ್ಮ ಮಾತಿನಲ್ಲಿ ಬರೀರಿ.

ಗ್ರೂಪ್ ಫೋಟೋ: ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದವರೇ ಮೊದಲ ಹಕ್ಕುದಾರರು (ಕಲಂ 17). ತೆಗೆಸಿದವರು ನಿಮ್ಮ ಮನೆಯವರೋ ಬೀಗರೋ, ಅದನ್ನು ಮೊದಲು ಕೇಳಿಕೊಳ್ರಿ.

ವರದಾತೀರ, ಹಾವೇರಿ
ಪತ್ರ ನಮ್ಮ ಟ್ರಂಕಿನಾಗ ಅದಾವ. ಮುತ್ಯಾ ತೀರಿಕೊಂಡು 60 ವರ್ಷನೂ ದಾಟ್ಯಾವ. ಇನ್ನೇನು ತೊಡಕಿಲ್ಲಲ್ರಿ?

ದಫ್ತರ, ಧಾರವಾಡ
ಹೆಚ್ಚಿನವರು ಎಡವುವುದು ಇಲ್ಲೇ. ಕಾಗದ ಯಾರ ಟ್ರಂಕಿನಲ್ಲಿದ್ದರೂ ಬರಹದ ಹಕ್ಕು ಬರೆದವರದು, ಅವರ ನಂತರ ಅವರ ವಾರಸುದಾರರದು. ಎಲ್ಲೂ ಪ್ರಕಟವಾಗದ ಪತ್ರಕ್ಕೆ ಸಾವಿನಿಂದ ಲೆಕ್ಕ ಶುರುವಾಗುವುದಿಲ್ಲ. ಕಲಂ 24ರಂತೆ ಪ್ರಕಟವಾದ ಮೇಲೆ 60 ವರ್ಷ. ಆದ್ದರಿಂದ ಮುತ್ಯಾನ ಗಂಡು-ಹೆಣ್ಣು ಮಕ್ಕಳ ಎಲ್ಲ ಕವಲಿನವರ ಸಹಿ ತಗೊಳ್ರಿ. ಮದುವೆಯಾಗಿ ಹೋದ ಅತ್ತಿಗಳನ್ನು ಮರೆಯಬೇಡ್ರಿ, ತಕರಾರು ಹುಟ್ಟುವುದು ಅವರನ್ನು ಬಿಟ್ಟಾಗಲೇ.

ತೋಂಟದಾರಿ, ಗದಗ
ಹೆಳವರ ವಿಷಯಕ್ಕೆ ಬರೋಣ. ತಲೆಮಾರುಗಳಿಂದ ಊರೂರು ತಿರುಗಿ ಕಾಯ್ದುಕೊಂಡು ಬಂದ ಪುಸ್ತಕ ಅದು, ಅವರ ಹೊಟ್ಟೆಪಾಡೂ ಹೌದು. ಕಾಯ್ದೆ ಏನೇ ಹೇಳಲಿ, ಅವರನ್ನು ಕೇಳದೆ ಹಾಳೆಗಳನ್ನು ನೆಟ್ಟಿಗೆ ಹಾಕುವುದು ಸರಿಯಲ್ಲ. ಒಂದೇ ಹಾಳೆಯಲ್ಲಿ ಬೇರೆ ಮನೆತನದ ಸಾಲುಗಳೂ ಇರಬಹುದು. ನಿಮ್ಮ ಭಾಗವಷ್ಟೇ ಉಳಿಸಿ ಕ್ರಾಪ್ ಮಾಡ್ರಿ.

ವಿಡಿಯೋದಲ್ಲಿ ಹೇಳಿದವರಿಗೆ ಪ್ರದರ್ಶಕರ ಹಕ್ಕು ಇದೆ, ಕಲಂ 38ರಂತೆ 50 ವರ್ಷ. ಫೋನ್ ನಿಮ್ಮದು ಅಂದ ಮಾತ್ರಕ್ಕೆ ಅದು ಹೋಗುವುದಿಲ್ಲ. ಬಾಯಿಮಾತು ನಂಬದೆ ಒಂದು ಹಾಳೆ ಬರೆಸಿಕೊಳ್ರಿ: ಯಾವ ವಿಡಿಯೋ, ಎಷ್ಟು ನಿಮಿಷ, ಯಾವ ಪುಟ, ಎಲ್ಲಿ ಹಾಕುತ್ತೀರಿ, ಎಷ್ಟು ಕಾಣಿಕೆ. ಅವಧಿ ಬರೆಯದಿದ್ದರೆ ಕಾಯ್ದೆ 5 ವರ್ಷ ಅಂತ ಹಿಡಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ವೆಬ್‌ಸೈಟ್ ದುಬೈನಲ್ಲೂ ಕಾಣುತ್ತದಲ್ಲ, ಅದಕ್ಕೆ "ಜಗತ್ತಿನಾದ್ಯಂತ" ಅಂತ ಸ್ಪಷ್ಟವಾಗಿ ಬರೆಸ್ರಿ. ಓದಲು ಬಾರದವರಾದರೆ ಓದಿ ಹೇಳಿ, ಇಬ್ಬರು ಸಾಕ್ಷಿ ಹಾಕಿಸ್ರಿ.

ಉಣಕಲ್ಲ ದಂಡಿ, ಹುಬ್ಬಳ್ಳಿ
ಊರಿನ ಹಿನ್ನೆಲೆಗೆ ಮುಂಬಯಿ ಪ್ರಾಂತದ ಗ್ಯಾಸೆಟಿಯರ್‌ನ ಧಾರವಾಡ ಸಂಪುಟ (1884) ಧಾರಾಳವಾಗಿ ಬಳಸ್ರಿ, ಅದರ ಹಕ್ಕಿನ ಅವಧಿ ಮುಗಿದಿದೆ. ಅದರದೇ ಹೊಸ ಕನ್ನಡ ಅನುವಾದ ಸಿಕ್ಕರೆ ಮಾತ್ರ ಅನುವಾದಕರ ಹಕ್ಕು ಬೇರೆ.

ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರದ ಸ್ಕ್ಯಾನ್ ಹಾಕಲೇಬೇಡ್ರಿ. ಅಲ್ಲಿ ತೊಡಕು ಕಾಪಿರೈಟಿನದಲ್ಲ, ಬದುಕಿರುವವರ ಖಾಸಗಿ ವಿವರದ್ದು. ನಕ್ಷೆಯಲ್ಲೂ ಅವರ ಹುಟ್ಟಿದ ತಾರೀಖು, ವಿಳಾಸ ಮುಚ್ಚಿಡ್ರಿ.